ನೆರೆಯವರ ಸಹಿಗೆ ಬಿಟ್ಟ ಜಾಗ

ಮಾನ್ಯರೇ,

ನಿಮ್ಮ ಪತ್ರದ ಸಾರ ಇಷ್ಟು: ಸುತ್ತಮುತ್ತ ಎಲ್ಲಿ ಕಳ್ಳತನವಾದರೂ ಪೊಲೀಸರು ಮೊದಲು ಬರುವುದು ನಿಮ್ಮ ಬೀದಿಯ ಒಂದೇ ಮನೆಗೆ. ಆ ಮನೆಯ ಯುವಕನ ಮೇಲೆ ಇದುವರೆಗೆ ಯಾವ ಆರೋಪವೂ ಸಾಬೀತಾಗಿಲ್ಲ. ಸಮುದಾಯದ ಹೆಸರೊಂದೇ ಅನುಮಾನಕ್ಕೆ ಸಾಕಾಗಿದೆ. ಈ ಸಲ ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿ, ಒಂದು ಚೀಟಿಯೂ ಇಲ್ಲದೆ ಕಳುಹಿಸಿದ್ದಾರೆ. ‘ನಾವು ನಾಲ್ಕು ಮನೆಯವರು ಏನು ಮಾಡಬಹುದು? ಮಧ್ಯೆ ಬಂದರೆ ನಮ್ಮ ಹೆಸರೂ ಅವರ ಪಟ್ಟಿಗೆ ಸೇರೀತಲ್ಲವೇ?’ ಎಂದು ಕೇಳಿದ್ದೀರಿ.

ನಿಮ್ಮ ಭಯವನ್ನು ಹೇಡಿತನ ಎನ್ನುವ ಹಕ್ಕು ಸಂಪಾದಕನ ಕುರ್ಚಿಯಲ್ಲಿ ಕುಳಿತವನಿಗಿಲ್ಲ. ಆದರೆ ‘ಮಧ್ಯೆ ಬರುವುದು’ ಎಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ನಿಮ್ಮನ್ನು ಕರೆದಿರುವುದು ಕಾನೂನೇ. ಬಂಧಿಸುವಾಗ ಬರೆಯುವ ಮೆಮೊಗೆ ಮನೆಯವರೊಬ್ಬರು ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲಿಯೂ ಈ ನಿಯಮವಿದೆ. ಅಂದರೆ ನೆರೆಯವರ ಸಹಿಗೆಂದೇ ಅಲ್ಲೊಂದು ಜಾಗ ಬಿಟ್ಟಿದ್ದಾರೆ. ನಾವು ಹೋಗದಿದ್ದರೆ ಠಾಣೆಗೆ ಅನುಕೂಲವಾದ ಯಾರಾದರೂ ಅದನ್ನು ತುಂಬುತ್ತಾರೆ.

ಮೆಮೊದಲ್ಲಿ ಬರೆಯುವ ಸಮಯಕ್ಕೆ ತುಂಬಾ ಬೆಲೆಯಿದೆ. ಬಂಧಿತನನ್ನು ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ‘ಬಂಧಿಸಿಯೇ ಇಲ್ಲ, ಸುಮ್ಮನೆ ವಿಚಾರಣೆಗೆ ಕರೆಸಿದ್ದೆವು’ ಎನ್ನುವುದು ಈ ಗಡಿಯಾರವನ್ನು ಓಡಲು ಬಿಡದಿರುವ ಹಳೆಯ ಉಪಾಯ. ಆದ್ದರಿಂದ ಮುಂದಿನ ಬಾರಿ ಜೀಪು ಬಂದಾಗ ಬೀದಿಯಲ್ಲಿ ಒಬ್ಬರಾದರೂ ವೇಳೆ, ವಾಹನದ ಸಂಖ್ಯೆ, ಬಂದವರ ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಕಂಡದ್ದು, ಇಷ್ಟನ್ನು ಬರೆದು ಕೂಡಲೇ ವಕೀಲರಿಗೂ ಇನ್ನಿಬ್ಬರಿಗೂ ಮೊಬೈಲ್‌ನಲ್ಲಿ ಕಳುಹಿಸಲಿ. ಆ ಸಂದೇಶ ಹೊರಟ ಹೊತ್ತೇ ನಾಳೆ ನ್ಯಾಯಾಲಯದಲ್ಲಿ ಮಾತನಾಡುತ್ತದೆ. ಬರೀ ಹಾಜರಾಗು ಎಂದರೆ ಅದೇ ಸುರಕ್ಷಾ ಸಂಹಿತೆಯ 35ನೇ ಕಲಮಿನ ಲಿಖಿತ ನೋಟಿಸ್ ಕೇಳಿ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಠಾಣೆಗೆ ಇಬ್ಬರೋ ಮೂವರೋ ಹೋಗಿ, ದನಿ ಏರಿಸದೆ ಕೇಳಿ. ಗುಂಪು ಕಟ್ಟಿಕೊಂಡು ಹೋಗಿ ಘೋಷಣೆ ಕೂಗಿದರೆ ನಿಮ್ಮ ಮೇಲೊಂದು ಪ್ರಕರಣ, ಅವನ ಮೇಲೆ ಇನ್ನಷ್ಟು ಸಿಟ್ಟು, ಅಷ್ಟೇ ಲಾಭ.

ಪ್ರಕರಣ ದಾಖಲಾಗಿಯೇ ಬಿಟ್ಟರೆ ವಕೀಲರ ಖರ್ಚಿಗೆ ಹೆದರಬೇಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಡವನ ಕಾಲು ಸಿಕ್ಕಿಬೀಳುವುದು ಅದಕ್ಕೂ ಮುಂದೆ, ಜಾಮೀನುದಾರರನ್ನು ಹುಡುಕುವಾಗ. ಮೋತಿ ರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಭದ್ರತೆ ಕೇಳಿತು. ಒಡಹುಟ್ಟಿದವನೇ ಮುಂದೆ ಬಂದಾಗ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ! 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿಯೇ ಟೀಕಿಸಿದರು. ಹಾಗಿದ್ದರೂ ಪಹಣಿಯೋ ಮನೆ ತೆರಿಗೆಯ ರಸೀದಿಯೋ ಹಿಡಿದು ಕಟಕಟೆಗೆ ಬರುವ ಸ್ಥಳೀಯರಿಲ್ಲದೆ, ಆದೇಶ ಕೈಯಲ್ಲಿದ್ದೂ ಒಳಗೇ ಉಳಿಯುವವರು ಇವತ್ತಿಗೂ ಇದ್ದಾರೆ. ನಿಮ್ಮ ನಾಲ್ಕು ಮನೆಗಳಲ್ಲಿ ಯಾರ ದಾಖಲೆ ಸರಿಯಿದೆ, ಯಾರು ಒಂದು ದಿನದ ಕೆಲಸ ಬಿಟ್ಟು ನ್ಯಾಯಾಲಯಕ್ಕೆ ಬರಬಲ್ಲರು ಎಂದು ಈಗಲೇ ಮಾತಾಡಿಕೊಳ್ಳಿ. ಅವನು ತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣ ಹೋಗುತ್ತದೆ, ನಿಜ. ಆ ಅಪಾಯವನ್ನು ಒಬ್ಬರ ತಲೆಗೆ ಕಟ್ಟದೆ ಹಂಚಿಕೊಳ್ಳಿ.

‘ಒಂದು ವೇಳೆ ಅವನೇ ಕದ್ದಿದ್ದರೆ?’ ಎಂದೂ ಕೇಳಿದ್ದೀರಿ. ಕದ್ದಿದ್ದರೆ ವಿಚಾರಣೆ ನಡೆಯಲಿ. ಜಾಮೀನು ನಿಲ್ಲುವವರು ಗುಣನಡತೆಗೆ ಪ್ರಮಾಣಪತ್ರ ಬರೆದುಕೊಡುವುದಿಲ್ಲ. ಕರೆದ ದಿನ ಬರುತ್ತಾನೆ ಎಂದಷ್ಟೇ ಹೇಳುತ್ತಾರೆ.

ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದ, 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು, ಠಾಣೆಗಳ ನೆನಪಿನಿಂದ ಮಾತ್ರ ಅಳಿಯಲಿಲ್ಲ. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ, ಆ ಪಟ್ಟಿಯಲ್ಲಿದ್ದ ಶಬರ ಬುಡಕಟ್ಟಿನ ಬುಧನ್ ಶಬರ್ ಬಂಧನದಲ್ಲಿ ತೀರಿಕೊಂಡಾಗ ಅಧಿಕಾರಿಗಳು ಅದನ್ನು ಆತ್ಮಹತ್ಯೆ ಎಂದರು. ಅವನ ಜನ ಶವದ ಬದಲು ಗೊಂಬೆಯೊಂದನ್ನು ಸುಟ್ಟು, ಶವವನ್ನು ಗುಡಿಸಲಿನೊಳಗೇ ಹೂತಿಟ್ಟರು. ಹಾಗಾಗಿ ಮರು ಶವಪರೀಕ್ಷೆಗೆ ಸಾಕ್ಷ್ಯ ಉಳಿಯಿತು. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರು ಬೆನ್ನಿಗಿದ್ದ ಶಬರ ಕಲ್ಯಾಣ ಸಮಿತಿ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಪರಿಹಾರಕ್ಕೂ ಸಿಬಿಐ ತನಿಖೆಗೂ ಆದೇಶವಾಯಿತು. ಅಕ್ಷರ ಬಲ್ಲವರು ಕೈಜೋಡಿಸುವ ಮೊದಲೇ ಸಾಕ್ಷ್ಯ ಕಾಪಾಡಿದ್ದು ಆ ಹಾಡಿಯ ಜನ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿದ್ದ ಯುವಕನ ಹೆಸರನ್ನೂ ಬೀದಿಯ ಹೆಸರನ್ನೂ ನಾವು ತೆಗೆದಿದ್ದೇವೆ, ಫೋಟೊ ಬಳಸಿಲ್ಲ. ಎಫ್‌ಐಆರ್ ಕೂಡ ಇಲ್ಲದವನನ್ನು ಸಹಾನುಭೂತಿಯ ನೆಪದಲ್ಲಿಯೂ ಊರಿಗೆಲ್ಲ ಪರಿಚಯಿಸಬೇಕಾಗಿಲ್ಲ. ನಿಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಫೋಟೊ ಈಗಾಗಲೇ ಓಡಾಡುತ್ತಿದೆ ಎಂದು ಬರೆದಿದ್ದೀರಿ. ಹಾಕಿದವರ ಮನೆಗೆ ಇಂದೇ ಹೋಗಿ ಅದನ್ನು ಅಳಿಸಲು ಹೇಳಿ.

– ಸಂಪಾದಕ