ಪ್ರಾಸ್ಟೇಟ್ ತೆಗೆದ ಮೇಲೆ ಪಿಎಸ್ಎ 0.3 ಬಂದರೆ ಸುಮ್ಮನಿರಬಹುದೇ?

ತೀರ್ಥಹಳ್ಳಿಯಲ್ಲಿರುವ ನಿಮ್ಮ ತಂದೆಯವರಿಗೆ ಕ್ಯಾನ್ಸರ್ ಎಂದು ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದು ವರ್ಷವಾಗಿದೆ, ಈಗ ರಕ್ತಪರೀಕ್ಷೆಯಲ್ಲಿ ಪಿಎಸ್ಎ 0.3 ಬಂದಿದೆ, ವರದಿಯಲ್ಲಿ ‘ಸಹಜ ಮಟ್ಟ 0–4’ ಎಂದಿದೆ ಎಂದು ಬರೆದಿದ್ದೀರಿ. ಸುಮ್ಮನಿರಬೇಡಿ. ಆ ಅಚ್ಚಾದ ಸಾಲು ಅವರಿಗೆ ಅನ್ವಯಿಸುವುದೇ ಇಲ್ಲ.

ಪಿಎಸ್ಎ ಎಂಬ ಪ್ರೋಟೀನನ್ನು ತಯಾರಿಸುವುದು ಹೆಚ್ಚುಕಡಿಮೆ ಪ್ರಾಸ್ಟೇಟ್ ಜೀವಕೋಶಗಳು ಮಾತ್ರ, ಅವುಗಳಿಂದ ಹುಟ್ಟಿದ ಕ್ಯಾನ್ಸರ್ ಕೋಶಗಳೂ ಸೇರಿ. 0–4 ಎಂಬ ಅಳತೆ ಗ್ರಂಥಿ ಇರುವವರಿಗೆ. ಗ್ರಂಥಿ ಹೋದ ಮೇಲೆ ರಕ್ತದಲ್ಲಿ ಉಳಿದದ್ದು ಎರಡು ಮೂರು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ, 6ರಿಂದ 8 ವಾರಗಳಲ್ಲಿ ಸಾಮಾನ್ಯವಾಗಿ 0.1ಕ್ಕಿಂತ ಕೆಳಗೆ ಹೋಗಬೇಕು. ಆಮೇಲೆ ಏರಿತೆಂದರೆ ಆ ಜೀವಕೋಶಗಳು ದೇಹದಲ್ಲಿ ಎಲ್ಲೋ ಉಳಿದಿರಬಹುದು. 0.2 ಅಥವಾ ಅದಕ್ಕಿಂತ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಹಾಗೆಯೇ ಇದ್ದರೆ ವೈದ್ಯರು ರೋಗ ಮರುಕಳಿಸುತ್ತಿರುವ ಸೂಚನೆ ಎಂದು ಪರಿಗಣಿಸುತ್ತಾರೆ.

ಹೆದರಿಕೆಯಾಗುವುದು ಸಹಜ. ಆದರೆ ಸ್ಕ್ಯಾನ್‌ನಲ್ಲಿ ಏನೂ ಕಾಣದ, ನೋವೂ ಇಲ್ಲದ ಹಂತದಲ್ಲೇ ಈ ಸುಳಿವು ಸಿಗುತ್ತದೆ. ವಿಕಿರಣ ಚಿಕಿತ್ಸೆ ಬೇಕಾದಲ್ಲಿ, ಪಿಎಸ್ಎ 0.5 ದಾಟುವ ಮೊದಲು ಕೊಟ್ಟರೆ ಫಲ ಹೆಚ್ಚು. ಹಾಗಾಗಿ ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡದೆ ಈ ವಾರವೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ವರದಿ ತೋರಿಸಿ.

ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ ಮಾಡಿಸಿ. ಒಮ್ಮೆ ಶಿವಮೊಗ್ಗ, ಒಮ್ಮೆ ಮಣಿಪಾಲ ಎಂದಾದರೆ ವಿಧಾನದ ವ್ಯತ್ಯಾಸದಿಂದಲೇ ಸಂಖ್ಯೆ ತುಸು ಬದಲಾಗಬಹುದು. ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಎಷ್ಟು ತಿಂಗಳಲ್ಲಿ ಎಷ್ಟು ಏರಿತು ಎಂಬುದನ್ನು ವೈದ್ಯರು ಮೊದಲು ನೋಡುತ್ತಾರೆ.