ಒಂದು ಗ್ಲಾಸ್ ಸೆಕ್ಟ್ ಬಗ್ಗೆ, ಪೆರ್ಲದ ತಂಗಿಗೆ

ತಂಗಿ,

ನಿನ್ನ ಪತ್ರ ಓದುವಾಗ ನಾನು ಕಾಸರಗೋಡಿನ ನೀರ್ಚಾಲಿನ ಮನೆಯ ಜಗಲಿಯಲ್ಲಿ ಕೂತಿದ್ದೆ. ಅಂಗಳ ತುಂಬಾ ಅಡಿಕೆ ಹರಡಿದ್ದಾರೆ. ಮೇಲಿನ ಗುಡ್ಡೆಯಲ್ಲಿ ಗೇರು ಹೂ ಬಿಟ್ಟಿದೆ. ಹತ್ತೊಂಬತ್ತು ವರ್ಷ ಜರ್ಮನಿಯಲ್ಲಿದ್ದ ನಾನು ರಜೆಗೆ ಇಲ್ಲಿ, ಎಂಟು ತಿಂಗಳ ಹಿಂದೆ ಪೆರ್ಲ ಬಿಟ್ಟ ನೀನು ಆ ಚಳಿಯಲ್ಲಿ ಅಲ್ಲಿ.

ನೀನು ಕೇಳಿದ್ದು ಎರಡು ಮಾತು. ನೀನು ಬಸುರಿಯಾಗಿ ಮೂರು ತಿಂಗಳು ತುಂಬುತ್ತಾ ಬಂತು, ಆಫೀಸಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಅಂದರೆ ಸೆಕ್ಟ್, ಅಂದರೆ ನೊರೆ ಬರುವ ವೈನಿನ ಬಾಟಲಿ ತೆಗೆಯುತ್ತಾರೆ. ಎರಡು ಮಕ್ಕಳ ತಾಯಿಯಾದ ಅಲ್ಲಿನ ಗೆಳತಿಯೊಬ್ಬಳು, ‘ನಾನೂ ಆಗಾಗ ಒಂದು ಗ್ಲಾಸ್ ಕುಡಿದಿದ್ದೆ, ಮಕ್ಕಳು ಚೆನ್ನಾಗಿಯೇ ಇದ್ದಾರೆ’ ಎಂದಳಂತೆ. ಸ್ವಲ್ಪ ಕುಡಿದರೆ ತೊಂದರೆ ಉಂಟಾ? ಇದು ಒಂದು. ಇನ್ನೊಂದು, ಗರ್ಭಿಣಿ ಎಂದು ಗೊತ್ತಾಗುವ ಮೊದಲು, ಡಿಸೆಂಬರಿನ ಕ್ರಿಸ್‌ಮಸ್ ಸಂತೆಯಲ್ಲಿ ಎರಡು ಸಲ ಗ್ಲ್ಯೂವೈನ್, ಅಂದರೆ ಮಸಾಲೆ ಹಾಕಿದ ಬಿಸಿ ವೈನ್ ಕುಡಿದದ್ದು. ಅದನ್ನು ಗಂಡನಿಗೂ ಹೇಳಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀಯ. ಹಾಗಾಗಿ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ಹೆದರಬೇಡ. ಗೊತ್ತಾಗುವ ಮೊದಲು ಒಂದೆರಡು ಸಲ ಕುಡಿದ ಹೆಂಗಸರು ಆ ದೇಶದಲ್ಲಿ ತುಂಬಾ ಜನ ಇದ್ದಾರೆ. ಅಷ್ಟರಿಂದ ಮಗುವಿಗೆ ಹಾನಿ ಆಗುವ ಸಾಧ್ಯತೆ ಬಹಳ ಕಡಿಮೆ ಎಂದೇ ವೈದ್ಯರು ಹೇಳುತ್ತಾರೆ. ಗೊತ್ತಾದ ದಿನದಿಂದ ನೀನು ಮುಟ್ಟಿಲ್ಲ. ಮಾಡಬೇಕಾದ್ದು ಅದೇ, ಅದನ್ನು ನೀನು ಆಗಲೇ ಮಾಡಿದ್ದೀಯ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎಷ್ಟು, ಯಾವಾಗ ಎಂದು ಇದ್ದ ಹಾಗೆ ಹೇಳು. ನೀನು ಹೇಳಿದ್ದನ್ನು ಅವರು ಹೊರಗೆ ಹೇಳುವ ಹಾಗಿಲ್ಲ, ಗಂಡನಿಗೂ ಹೇಳುವ ಹಾಗಿಲ್ಲ, ಅದು ಅಲ್ಲಿನ ಕಾನೂನು. ಆದರೆ ಗಂಡನಿಗೆ ನೀನೇ ಹೇಳಿಬಿಡು ಮಾರಾಯ್ತಿ. ಒಬ್ಬಳೇ ಹೊತ್ತುಕೊಂಡು ಯಾಕೆ ಕೂರುತ್ತೀಯ?

ಈಗ ಮೊದಲನೆಯ ಪ್ರಶ್ನೆ. ನನ್ನ ಉತ್ತರ, ಬೇಡ. ಒಂದು ಗ್ಲಾಸೂ ಬೇಡ. ಸುಮ್ನೆ ಅಕ್ಕನ ಹಾಗೆ ಗದರಿಸಿ ಬಿಡುವುದಿಲ್ಲ, ಯಾಕೆ ಅಂತಲೂ ಹೇಳುತ್ತೇನೆ.

ನೀನು ಕುಡಿದ ಮದ್ಯ ಹೊಕ್ಕುಳಬಳ್ಳಿಯ ಮೂಲಕ ನೇರ ಮಗುವಿಗೆ ಹೋಗುತ್ತದೆ. ನಡುವೆ ತಡೆಯುವಂಥದ್ದು ಏನೂ ಇಲ್ಲ. ನಿನ್ನ ರಕ್ತದಲ್ಲಿ ಎಷ್ಟಿದೆಯೋ, ಸ್ವಲ್ಪ ಹೊತ್ತಿನಲ್ಲಿ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿನ್ನ ಲಿವರ್ ಅದನ್ನು ಕರಗಿಸುತ್ತದೆ. ಮಗುವಿನ ಲಿವರಿಗೆ ಆ ಶಕ್ತಿ ಇನ್ನೂ ಬಂದಿಲ್ಲ. ಮಗು ಮೂತ್ರದಲ್ಲಿ ಹೊರಗೆ ಬಿಟ್ಟದ್ದು ಸುತ್ತಲಿನ ಗರ್ಭದ ನೀರಿಗೇ ಸೇರುತ್ತದೆ, ಆ ನೀರನ್ನೇ ಮಗು ಮತ್ತೆ ನುಂಗುತ್ತದೆ. ಹಾಗಾಗಿ ನಿನಗೆ ಇಳಿದ ಮೇಲೂ ಅದಕ್ಕೆ ಇಳಿದಿರುವುದಿಲ್ಲ. ಮೂರು ತಿಂಗಳು ಕಳೆದರೆ ಅಪಾಯ ಮುಗಿಯಿತು ಎನ್ನುವವರೂ ಇದ್ದಾರೆ. ಮುಖ, ಹೃದಯ, ಕೈಕಾಲು ರೂಪ ಪಡೆಯುವುದು ಮೊದಲ ತಿಂಗಳುಗಳಲ್ಲಿ, ನಿಜ. ಆದರೆ ಮಿದುಳು ಬೆಳೆಯುವುದು ಒಂಬತ್ತೂ ತಿಂಗಳು.

ನಿನ್ನ ಗೆಳತಿ ಸುಳ್ಳು ಹೇಳಿದಳು ಅಂತ ನಾನು ಹೇಳುವುದಿಲ್ಲ. ಅವಳ ಮಕ್ಕಳು ಚೆನ್ನಾಗಿಯೇ ಇರಬಹುದು. 2012ರಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ಬಂತು. ವಾರಕ್ಕೆ ಒಂದರಿಂದ ನಾಲ್ಕು ಗ್ಲಾಸ್ ಕುಡಿದ ತಾಯಂದಿರ ಮಕ್ಕಳನ್ನು ಐದು ವರ್ಷಕ್ಕೆ ಪರೀಕ್ಷಿಸಿದಾಗ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ‘ಸ್ವಲ್ಪ ಪರವಾಗಿಲ್ಲ’ ಎನ್ನುವವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ. ಆದರೆ ಆ ಅಧ್ಯಯನ ಮಾಡಿದವರೇ, ಹಾಗಂತ ಕುಡಿಯಿರಿ ಎಂದು ನಾವು ಹೇಳುವುದಿಲ್ಲ, ಬಿಡುವುದೇ ಒಳ್ಳೆಯದು ಎಂದರು. ಅವರ ಈ ಮಾತು ಯಾರ ಬಾಯಿಯಲ್ಲೂ ಬರುವುದಿಲ್ಲ.

ಇಂಥ ಲೆಕ್ಕದಲ್ಲಿ ಒಂದು ತೊಡಕು ಉಂಟು. ಬಸುರಿಯರಿಗೆ ಮದ್ಯ ಕೊಟ್ಟು ಏನಾಗುತ್ತದೆ ಅಂತ ಯಾರೂ ಪರೀಕ್ಷೆ ಮಾಡುವ ಹಾಗಿಲ್ಲ. ಅವರವರು ಹೇಳಿದ್ದನ್ನೇ ಬರೆದುಕೊಳ್ಳಬೇಕು. ಯುರೋಪಿನಲ್ಲಿ ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿಯುವವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಅವರ ಮಕ್ಕಳಿಗೆ ಒಳ್ಳೆಯ ಊಟ, ಒಳ್ಳೆಯ ಶಾಲೆ ಎಲ್ಲ ಸಿಗುತ್ತದೆ. ಮದ್ಯದಿಂದ ಸಣ್ಣ ಪೆಟ್ಟು ಬಿದ್ದಿದ್ದರೂ ಅದು ಇದರ ಅಡಿಯಲ್ಲಿ ಮುಚ್ಚಿಹೋಗಬಹುದು. ಮತ್ತೆ, ಒಬ್ಬಳ ದೇಹ ಬೇಗ ಕರಗಿಸುತ್ತದೆ, ಇನ್ನೊಬ್ಬಳದ್ದು ನಿಧಾನ. ಅವಳ ಒಂದು ಗ್ಲಾಸ್ ನಿನಗೂ ಒಂದೇ ಗ್ಲಾಸ್ ಅಂತ ಹೇಗೆ ಹೇಳುವುದು?

ಹಳಬರು ಬೇರೆ ಮಾತು ಹೇಳುವುದಕ್ಕೂ ಕಾರಣ ಇದೆ. ಅವರ ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. 1960-70ರ ದಶಕಗಳಲ್ಲಿ, ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದರೆ ಅದನ್ನು ನಿಲ್ಲಿಸಲು ಆಸ್ಪತ್ರೆಯಲ್ಲೇ ಮದ್ಯಸಾರವನ್ನು ಡ್ರಿಪ್ ಹಾಕುತ್ತಿದ್ದರು! ಫ್ರಾನ್ಸಿನ ನಾಂತ್ ಊರಿನಲ್ಲಿ ಪಾಲ್ ಲೆಮ್ವಾನ್ ಎಂಬ ಮಕ್ಕಳ ವೈದ್ಯರು 1968ರಲ್ಲಿ, ತುಂಬಾ ಕುಡಿಯುತ್ತಿದ್ದ ಮನೆಗಳ 127 ಮಕ್ಕಳನ್ನು ನೋಡಿ, ಅವರಲ್ಲಿ ಕಂಡ ತೊಂದರೆಗಳ ಬಗ್ಗೆ ಬರೆದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆ ತೊಂದರೆಗಳಿಗೆ ಒಂದು ಹೆಸರು ಇಟ್ಟ ಮೇಲೆಯೇ ಲೋಕ ತಿರುಗಿ ನೋಡಿದ್ದು. ಇಂಗ್ಲೆಂಡಿನಲ್ಲಿ 2008ರಲ್ಲಿ ಕೂಡ, ಮೂರು ತಿಂಗಳ ನಂತರ ಕುಡಿಯಲೇಬೇಕು ಅಂತಿದ್ದರೆ ವಾರಕ್ಕೆ ಒಂದೆರಡು ಸಲ ಸ್ವಲ್ಪ ಮಾತ್ರ ಎನ್ನುತ್ತಿದ್ದರು. 2016ರಲ್ಲಿ ಅದನ್ನೂ ತೆಗೆದು, ಪೂರ್ತಿ ಬಿಡುವುದೇ ಸುರಕ್ಷಿತ ಎಂದು ಬರೆದರು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನಮ್ಮ ವಯಸ್ಸಾದ ಡಾಕ್ಟರು ನಗುತ್ತಾ, ಒಂದು ಗ್ಲಾಸ್ ಸೆಕ್ಟ್ ಕುಡಿ, ಮನಸ್ಸು ಹಗುರ ಆಗುತ್ತದೆ ಎಂದಿದ್ದರು. ನಾನು ಕುಡಿಯಲಿಲ್ಲ. ಇವತ್ತಿಗೂ ಅವರ ಮೇಲೆ ನನಗೆ ಸಿಟ್ಟು ಉಂಟು.

ನಾನು ಅಲ್ಲಿ ಶಿಶುವಿಹಾರದಲ್ಲಿ ಕೆಲಸ ಮಾಡುವವಳು. ಸಾಕು ಮನೆಯಿಂದ ಬರುವ ಒಬ್ಬ ಹುಡುಗ ಇದ್ದ. ನಿನ್ನೆ ಕಲಿತ ಬೂಟಿನ ಗಂಟು ಇವತ್ತು ಮರೆತಿರುತ್ತಿದ್ದ. ನಾಳೆ ಮತ್ತೆ ಮೊದಲಿನಿಂದ. ಸಿಟ್ಟು ಬಂದರೆ ತಡೆಯಲಾಗುತ್ತಿರಲಿಲ್ಲ, ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದ. ಅವನು ಹೊಟ್ಟೆಯಲ್ಲಿದ್ದಾಗ ಅವನ ತಾಯಿ ಕುಡಿದದ್ದು ನಿನ್ನ ಎರಡು ಕಪ್ಪಿನ ಹಾಗೆ ಅಲ್ಲ, ದಿನಾ, ತುಂಬಾ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆ ತಾಯಿಯನ್ನು ಬೈಯಲೂ ನನಗೆ ಮನಸ್ಸು ಬರುವುದಿಲ್ಲ, ಅವಳ ಕಷ್ಟ ಏನಿತ್ತೋ. ಆದರೆ ಅವಳ ಆ ತುಂಬಾ, ನಿನ್ನ ಗೆಳತಿಯ ಈ ಸ್ವಲ್ಪ, ಇವೆರಡರ ನಡುವೆ ಗೆರೆ ಎಲ್ಲಿ? ಇಷ್ಟು ದಿನ ಹುಡುಕಿಯೂ ಯಾರಿಗೂ ಅದನ್ನು ಎಳೆಯಲು ಆಗಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯೂ ಜರ್ಮನಿಯ ಆರೋಗ್ಯ ಇಲಾಖೆಯೂ ಸೊನ್ನೆ ಅನ್ನುತ್ತಾರೆ.

ನೀನು ಪೆರ್ಲದವಳು, ಇದನ್ನು ನಿನಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಸ್ವರ್ಗ, ಪಡ್ರೆ, ವಾಣಿನಗರ ನಿನ್ನ ಮನೆಯ ಹತ್ತಿರವೇ ಅಲ್ವಾ? 1970ರ ದಶಕದಿಂದ 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟಾಗಲೂ, ಇಷ್ಟರಿಂದ ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಗುಡ್ಡೆ ಕೊರೆದು ಮಾಡಿದ ಸುರಂಗದ ನೀರಿನ ಮೇಲೂ, ಬಸುರಿಯರ ಮೇಲೂ ಅದು ಬಿತ್ತು. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕುವಾಗ 2011 ಆಗಿತ್ತು. ಅದು ಬೇರೆ ವಿಷ, ಇದು ಬೇರೆ, ನನಗೆ ಗೊತ್ತು. ಆದರೆ ‘ಏನೂ ಆಗುವುದಿಲ್ಲ’ ಎಂಬ ಮಾತು ಕೇಳಿದರೆ ನನಗೆ ಈ ಗುಡ್ಡೆಗಳೇ ಕಣ್ಣಿಗೆ ಬರುತ್ತವೆ. ಇಲ್ಲಿನ ತಾಯಂದಿರಿಗೆ ಬೇಡ ಎನ್ನುವ ಅವಕಾಶವೇ ಇರಲಿಲ್ಲ. ನಿನಗೆ ಇದೆ.

ಬೇಡ ಎನ್ನುವುದು ಅಲ್ಲಿ ನೀನು ಅಂದುಕೊಂಡಷ್ಟು ಕಷ್ಟ ಅಲ್ಲ. ‘ಫ್ಯೂರ್ ಮಿಷ್ ಬಿಟ್ಟೆ ಓನೆ ಆಲ್ಕೊಹೋಲ್’ ಅಂದರೆ ಸಾಕು, ನನಗೆ ಮದ್ಯ ಇಲ್ಲದ್ದು ಕೊಡಿ ಅಂತ. ಬಸುರಿ ಎಂದು ಇನ್ನೂ ಆಫೀಸಿನಲ್ಲಿ ಹೇಳದಿದ್ದರೆ ಕಾರಣ ಹೇಳಬೇಕಾಗಿಯೂ ಇಲ್ಲ. ಕಾರು ಓಡಿಸುವವರು, ಮಾತ್ರೆ ತಗೊಳ್ಳುವವರು ಎಲ್ಲ ಹಾಗೆಯೇ ಹೇಳುತ್ತಾರೆ. ಗ್ಲಾಸು ಕೈಯಲ್ಲಿ ಇರಬೇಕು ಅನಿಸಿದರೆ ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಹಿಡಿದುಕೋ, ನೋಡಲು ಸೆಕ್ಟ್ ಹಾಗೆಯೇ ಇರುತ್ತದೆ. ಮುಂದಿನ ಡಿಸೆಂಬರಿನಲ್ಲಿ ಮಗುವನ್ನು ಎತ್ತಿಕೊಂಡು ಸಂತೆಗೆ ಹೋದರೆ ಕಿಂಡರ್‌ಪುನ್ಶ್ ಕೇಳು. ಗ್ಲ್ಯೂವೈನಿನ ಅದೇ ಪರಿಮಳ, ಮದ್ಯ ಇಲ್ಲ.

ತಿನ್ನುವ ವಿಷಯದಲ್ಲಿ ಹುಷಾರು. ಈಗ ಫಾಶಿಂಗ್ ಹಬ್ಬದ ದಿನಗಳು. ಬೇಕರಿಯಲ್ಲಿ ಸಿಗುವ ಬರ್ಲಿನರ್ ಎಂಬ ಕರಿದ ಸಿಹಿ ಬನ್ನುಗಳಲ್ಲಿ ಕೆಲವಕ್ಕೆ ಜಾಮ್ ಬದಲು ಐಯರ್‌ಲಿಕ್ಯೋರ್, ಅಂದರೆ ಮೊಟ್ಟೆಯ ಮದ್ಯ ತುಂಬಿರುತ್ತಾರೆ. ಕೇಳಿಯೇ ತಗೋ. ಬ್ಲ್ಯಾಕ್ ಫಾರೆಸ್ಟ್ ಕೇಕಿಗೆ ಅಲ್ಲಿ ನಿಜವಾದ ಕಿರ್ಶ್‌ವಾಸರ್, ಅಂದರೆ ಚೆರ್ರಿಯ ಮದ್ಯ ಹಾಕುತ್ತಾರೆ, ನಮ್ಮ ಕಾಸರಗೋಡಿನ ಬೇಕರಿಯ ಹಾಗೆ ಅಲ್ಲ. ತಿರಾಮಿಸು ಎಂಬ ಇಟಲಿಯ ಸಿಹಿತಿಂಡಿಯಲ್ಲೂ ಹೆಚ್ಚಾಗಿ ಮದ್ಯ ಇರುತ್ತದೆ. ಕುದಿಸಿದರೆ ಎಲ್ಲ ಹಾರಿಹೋಗುತ್ತದೆ ಎಂಬುದು ಸರಿಯಲ್ಲ, ಅರ್ಧ ಗಂಟೆ ಬೇಯಿಸಿದ ಮೇಲೂ ಸುಮಾರು ಮೂರರಲ್ಲಿ ಒಂದು ಪಾಲು ಉಳಿಯಬಹುದು. ‘ಆಲ್ಕೊಹೋಲ್‌ಫ್ರೈ’, ಅಂದರೆ ಮದ್ಯ ಇಲ್ಲದ್ದು ಎಂದು ಬರೆದ ಬಿಯರಿನಲ್ಲೂ ಶೇಕಡ 0.5ರವರೆಗೆ ಇರಬಹುದು. ಬೇಕೇ ಬೇಕು ಅನಿಸಿದರೆ 0.0 ಎಂದು ಬರೆದದ್ದನ್ನು ನೋಡು.

ಇನ್ನು ನಿನ್ನ ಅಮ್ಮ ಕಳಿಸುತ್ತೇನೆ ಎಂದ ದಶಮೂಲಾರಿಷ್ಟ. ಇದನ್ನು ನೀನು ಮದ್ಯ ಎಂದು ಯೋಚಿಸಿಯೇ ಇರಲಿಕ್ಕಿಲ್ಲ. ಅರಿಷ್ಟ ಅಂದರೆ ಹುದುಗಿಸಿದ ಮದ್ದು. ಬಾಟಲಿಯ ಮೇಲೆಯೇ ಬರೆದಿರುತ್ತಾರೆ, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇಕಡ 5ರಿಂದ 10. ಬಿಯರಿಗಿಂತ ಕಡಿಮೆ ಏನಲ್ಲ. ಕುಡಿಯುವುದು ಒಂದೆರಡು ಚಮಚ, ಸರಿ. ಆದರೂ ಬಸುರಿಯಾಗಿರುವಾಗ ಬೇಡ. ಬಾಣಂತನದಲ್ಲಿ ಕೊಡುವ ಪದ್ಧತಿ ನಮ್ಮಲ್ಲಿ ಉಂಟು. ಆದರೆ ತಾಯಿಯ ರಕ್ತದಲ್ಲಿ ಇರುವ ಮದ್ಯ ಎದೆಹಾಲಿಗೂ ಬರುತ್ತದೆ. ಆಗ ಹೆಬಾಮೆಗೆ ಬಾಟಲಿ ತೋರಿಸಿ ಕೇಳಿದ ಮೇಲೆಯೇ ತಗೋ. ಸಿಹಿ ಕಳ್ಳು ಬಸುರಿಗೆ ತಂಪು ಎನ್ನುವವರು ನಮ್ಮೂರಲ್ಲೂ ಇದ್ದರು. ಮರದಿಂದ ಇಳಿಸಿದ ಕೆಲವೇ ಗಂಟೆಯಲ್ಲಿ ಅದೂ ಹುಳಿಯುತ್ತದೆ.

ಹೆಬಾಮೆ ಅಂದೆನಲ್ಲ, ಹೆರಿಗೆ ಮೊದಲೂ ಆಮೇಲೂ ನಿನ್ನನ್ನು ನೋಡಿಕೊಳ್ಳುವ ಸೂಲಗಿತ್ತಿ. ಹೆರಿಗೆ ಆದ ಮೇಲೆ ಅವಳು ಮನೆಗೇ ಬರುತ್ತಾಳೆ. ಸರಕಾರಿ ಆರೋಗ್ಯ ವಿಮೆ ಇದ್ದರೆ ಅದರ ಖರ್ಚು ವಿಮೆಯದ್ದು. ಬೇಕಾದಷ್ಟು ಜನ ಸಿಗುವುದಿಲ್ಲ, ಕೊನೆಯ ತಿಂಗಳಲ್ಲಿ ಹುಡುಕಿದರೆ ಆಗದು. ಈ ವಾರವೇ ಫೋನ್ ಮಾಡಲು ಶುರು ಮಾಡು. ಭಾಷೆ ತೊಡಕಾದರೆ ನಾನು ಇಲ್ಲಿಂದಲೇ ಮಾತಾಡುತ್ತೇನೆ. ಡಾಕ್ಟರು ಕೊಟ್ಟ, ನಿನ್ನ ತಪಾಸಣೆಗಳನ್ನು ಬರೆಯುವ ಮುಟರ್‌ಪಾಸ್ ಪುಸ್ತಕ ಯಾವಾಗಲೂ ಬ್ಯಾಗಿನಲ್ಲಿ ಇರಲಿ.

ನಿನ್ನ ವಿಷಯ ಹೇಳಿದಾಗಿನಿಂದ ನನ್ನ ಅಮ್ಮ ಒಣಗಿಸಿದ ಪುನರ್ಪುಳಿ ಕಟ್ಟಿ ಇಟ್ಟಿದ್ದಾಳೆ. ಅರ್ಧ ನನಗೆ, ಅರ್ಧ ನಿನಗೆ. ನೀರಲ್ಲಿ ನೆನೆಸಿ, ಬೆಲ್ಲ ಹಾಕಿ, ಒಂದು ಚಿಟಿಕೆ ಜೀರಿಗೆ ಪುಡಿ ಉದುರಿಸು. ವಾಂತಿ ಬರುವ ಹಾಗಾದಾಗ ನನಗೆ ಅದೇ ಹಿಡಿಸಿತ್ತು. ಇಪ್ಪತ್ತೊಂದಕ್ಕೆ ನಾನು ಅಲ್ಲಿಗೆ ತಲುಪುತ್ತೇನೆ. ಭಾನುವಾರ ಊಟಕ್ಕೆ ಬಾ, ಗಂಡನನ್ನೂ ಕರೆದುಕೊಂಡು ಬಾ.

ನಿನ್ನ ಅಕ್ಕ