ಮರ ಕಡಿಯೋ ಕಾಡಲ್ಲಿ ನೋಡೋಕೆ ಏನಿದೆ?

ಪ್ರಶ್ನೆ: ದಸರಾ ರಜಕ್ಕೆ ಮನೆಮಂದಿಯೆಲ್ಲ ದಾಂಡೇಲಿಗೆ ಹೊರಟಿದೀವಿ, ಇಬ್ರು ಮಕ್ಕಳು, ಜೊತೆಗೆ ಅಮ್ಮ. ಆಫೀಸಲ್ಲಿ ಒಬ್ರು "ಅದೆಲ್ಲ ಇಲಾಖೆಯವ್ರು ನೆಟ್ಟಿರೋ ತೇಗ ಕಣ್ರೀ, ಕಡಿದು ಮಾರ್ತಾರೆ, ಕಾಡಲ್ಲ" ಅಂದ್ಬಿಟ್ರು. ಹೌದಾ? ರಾಫ್ಟಿಂಗ್ ಬಿಟ್ರೆ ಅಲ್ಲೇನಿದೆ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಮ್ಮ ಆಫೀಸಿನವ್ರು ಹೇಳಿದ್ದು ಅರ್ಧ ನಿಜ. ಬ್ರಿಟಿಷರ ಕಾಲದಿಂದ್ಲೂ ಅದು ಮರಕ್ಕೆ ಹೆಸರಾದ ಊರು, ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಹಾಕಿದ್ದೇ ನಾಟಾ ಸಾಗಿಸೋಕೆ. ಹಳಿಯಾಳದ ಕಡೆ ಹೋದ್ರೆ ಸಾಲಿಗೆ ನಿಲ್ಲಿಸಿದ ಹಾಗೆ ತೇಗದ ನೆಡುತೋಪುಗಳು. ಆದ್ರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ (2015ಕ್ಕೆ ಮುಂಚೆ ದಾಂಡೇಲಿ-ಅಣಶಿ ಅಂತಿತ್ತು) ಬೇರೆ, ಅದು ಪಕ್ಕಾ ಕಾಡು.

ನನ್ನ ಕೇಳಿದ್ರೆ ಮೊದಲ ದಿನ ಬೆಳಗ್ಗೆ ಟಿಂಬರ್ ಡಿಪೋಗೇ ಹೋಗಿ, ಗೇಟಲ್ಲಿ ಕೇಳ್ಕೊಂಡು. ರಾಶಿ ರಾಶಿ ದಿಮ್ಮಿ, ಒಂದೊಂದರ ತುದಿಯಲ್ಲೂ ನಂಬರು, ಉದ್ದ, ಸುತ್ತಳತೆ ಬರೆದಿರುತ್ತೆ, ಲಾಟ್ ಮಾಡಿ ಹರಾಜು ಹಾಕೋದು. ಮಕ್ಕಳಿಗೆ ಉಂಗುರ ಎಣಿಸೋಕೆ ಬಿಡಿ, ಒಂದು ಉಂಗುರ ಅಂದ್ರೆ ಹೆಚ್ಚುಕಮ್ಮಿ ಒಂದು ವರ್ಷ, ನಮ್ಮನೆ ಚಿಕ್ಕವನು ಅರವತ್ತರ ಹತ್ರ ಬಂದು "ಇದು ಅಜ್ಜಿಗಿಂತ ಚಿಕ್ಕದು" ಅಂತ ಕೂಗಿದ್ದ! ಮಜಾ ಏನಂದ್ರೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡೋಕೆ ಕ್ಯಾಮೆರಾದವ್ರು ಬರೋದೂ ಈ ಡಿಪೋ ಹತ್ರಾನೇ. ನಾವು ಬಾಯಿಗಿಡೋಕಾಗದ ಕಾಸರ್ಕ ಅನ್ನೋ ವಿಷದ ಬೀಜದ ಮರದ ಹಣ್ಣನ್ನ ಅವು ಆರಾಮಾಗಿ ನುಂಗ್ತವೆ. ಅವುಗಳಿಗಂತಾನೇ 2011ರಲ್ಲಿ ಅಲ್ಲಿ ಮೀಸಲು ಪ್ರದೇಶ ಮಾಡಿದಾರೆ. ದಿಮ್ಮಿ ಮೇಲೆ ಮಾತ್ರ ಹತ್ತಿಸ್ಬೇಡಿ, ಒಂದು ಉರುಳಿದ್ರೆ ಸಾಲಾಗಿ ಉರುಳ್ತವೆ.

ಉಳ್ಕೊಳೋಕೆ ಕುಳಗಿಯಲ್ಲಿ ಅರಣ್ಯ ಇಲಾಖೆಯ ಕ್ಯಾಂಪ್ ಇದೆ, ರಜದಲ್ಲಿ ಬೇಗ ತುಂಬುತ್ತೆ, ಈಗಲೇ ಬುಕ್ ಮಾಡಿ. ನಾವೊಂದ್ಸಲ ಅಗ್ಗಕ್ಕೆ ಸಿಕ್ತು ಅಂತ ನದಿ ಪಕ್ಕದ ರೆಸಾರ್ಟ್ ಹಿಡಿದು ರಾತ್ರಿ ಹನ್ನೆರಡರ ತನಕ ಡಿಜೆ ಕೇಳ್ಕೊಂಡು ಬಂದ್ವಿ, ಅದಕ್ಕೆ ಬೆಂಗಳೂರೇ ಸಾಕಿತ್ತು.

ರಾಫ್ಟಿಂಗ್ ಗಣೇಶಗುಡಿ ಕಡೆ. ಅದು ಸೂಪಾ ಡ್ಯಾಮಿಂದ ಬಿಡೋ ನೀರಿನ ಮೇಲೆ ನಿಂತಿರೋ ಆಟ, ಫೋನ್ ಮಾಡಿ ಕೇಳ್ಕೊಂಡೇ ಹೋಗಿ. ಅಮ್ಮನ್ನ ದಡದಲ್ಲಿ ಕೂರಿಸಿ.

ಹೋಗೋದಕ್ಕೆ ರಾತ್ರಿ ರೈಲಲ್ಲಿ ಧಾರವಾಡ, ಅಲ್ಲಿಂದ ಬಸ್ಸಲ್ಲಿ ಸುಮಾರು 55 ಕಿ.ಮೀ. ಕಾರಲ್ಲಿ ಅಷ್ಟು ದೂರ ಅಮ್ಮನ್ನ ಕೂರಿಸೋದು ಬೇಡ. ಹಾಂ, ದಾರಿ ಪಕ್ಕ ತೇಗದ ಚಿಗುರೆಲೆ ಸಿಕ್ರೆ ಒಂದೇ ಒಂದು ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿ, ಕುಂಕುಮ ಕಲಸಿದ ಹಾಗೆ ಕೆಂಪಾಗುತ್ತೆ. ಮಕ್ಕಳು ಆ ಕೈನ ಒರೆಸೋದು ಯಾರ ಸೀರೆಗೆ ಅಂತ ನಿಮಗೇ ಗೊತ್ತು, ಅಮ್ಮನಿಗೆ ತಿಳಿಬಣ್ಣದ್ದು ಬೇಡ ಅಂತ ಮೊದಲೇ ಹೇಳಿಡಿ.